ಹಾಳೆ ಹರಿಯಬೇಡಿ, ಉತ್ತರ ಬರೆಯಿರಿ

(ಶಿರಾದಲ್ಲಿ ಸಣ್ಣ ಅಂಗಡಿ, ಹೋಟೆಲ್ ನಡೆಸುವವರು ಮತ್ತು ಕನ್ನಡದ ಕೆಲಸ ಮಾಡುವ ಯುವಕರು ಸೇರಿದ್ದ ಸಭೆಯಲ್ಲಿ ಹೋಟೆಲ್ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮಾಡಿ ಬದುಕುವವನು. ಸಂಘದ ಹುಡುಗರು ಬಂದು, ‘ಅಣ್ಣಾ, ಗಿರಾಕಿಗಳು ಅಭಿಪ್ರಾಯ ಬರೆಯೋಕೆ ನೀವು ಒಂದು ಪುಸ್ತಕ ಇಟ್ಟಿದ್ದೀರಲ್ಲ, ಅದಕ್ಕೆ ನಿಯಮ ಮಾಡಿ ಗೋಡೆಗೆ ಹಾಕಿದ್ದೀರಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಿ’ ಅಂದರು. ನಿಯಮದ ಮಾತು ಆಮೇಲೆ ಹೇಳುತ್ತೇನೆ. ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು. ಆ ನಿಯಮಗಳೆಲ್ಲ ಹುಟ್ಟಿದ್ದು ಆ ತಪ್ಪಿನಿಂದ.

ಪುಸ್ತಕ ಅಂದರೆ ಏನೂ ದೊಡ್ಡದಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್. ಗಲ್ಲಾ ಪಕ್ಕ ಒಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಪೆನ್ನು. ನಮ್ಮ ಶಿರಾ ನಿಮಗೆ ಗೊತ್ತು. ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದಲ್ಲೇ ಇದೆ. ಚಿತ್ರದುರ್ಗ, ಹುಬ್ಬಳ್ಳಿ ಕಡೆ ಹೋಗುವವರು ಬರುತ್ತಾರೆ. ಕಡ್ಲೇಕಾಯಿ ಮಾರಲು ಬಂದ ರೈತರು ಬರುತ್ತಾರೆ, ಕೋರ್ಟು ಕಚೇರಿಗೆ ಬಂದವರು ಬರುತ್ತಾರೆ. ಪಾವಗಡ, ಮಡಕಶಿರಾ ಕಡೆಯಿಂದ ತೆಲುಗು ಮಾತಾಡುವವರು, ಊರಿನ ಉರ್ದು ಮಾತಿನವರು, ಎಲ್ಲರೂ ಬರುತ್ತಾರೆ. ಬರೆಯುತ್ತಿದ್ದರು ಕೂಡ. ‘ಸಾಂಬಾರು ನೀರು.’ ‘ಎರಡನೇ ಸಲ ಚಟ್ನಿ ಕೇಳಿದರೆ ಮುಖ ಸಿಂಡರಿಸುತ್ತಾರೆ.’ ‘ಕೈ ತೊಳೆಯುವ ಕಡೆ ವಾಸನೆ.’ ಓದಿ ನಗುತ್ತಿದ್ದೆ, ಒಂದೊಂದು ಸಲ ಸಿಟ್ಟಾಗುತ್ತಿದ್ದೆ. ಉತ್ತರ ಮಾತ್ರ ಒಂದಕ್ಕೂ ಬರೆಯುತ್ತಿರಲಿಲ್ಲ.

ಒಂದು ಭಾನುವಾರ ಕೆಲವು ಹುಡುಗರು ಬಂದರು. ಹೆಗಲ ಮೇಲೆ ಹಳದಿ ಕೆಂಪು ಶಾಲು. ಟೇಬಲ್ ಒರೆಸುವ ನಮ್ಮ ಹುಡುಗನನ್ನು ನೀರು ಕೇಳಿದರು. ಅವನು ಒಡಿಶಾದವನು, ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವನಿಗೆ ಅರ್ಥವಾಗಲಿಲ್ಲ. ಹುಡುಗರು ನನಗೆ ಒಂದು ಮಾತೂ ಹೇಳಲಿಲ್ಲ. ಹೋಗುವಾಗ ಪುಸ್ತಕದಲ್ಲಿ ಒಂದು ಪುಟ ತುಂಬ ಬರೆದು ಹೋದರು. ಅವನ ತಾಯಿಯನ್ನು ಬೈದಿದ್ದರು. ಮುಂದಿನ ಸಲ ಕಂಡರೆ ಕೈಕಾಲು ಮುರಿಯುತ್ತೇವೆ ಅಂತ ಬರೆದಿದ್ದರು. ಕೆಳಗೆ ಭುವನೇಶ್ವರಿ ತಾಯಿಗೆ ಜೈಕಾರ. ರಾತ್ರಿ ಬಾಗಿಲು ಹಾಕುವಾಗ ಓದಿದೆ. ಹಾಳೆ ಹರಿದು ಒಲೆಗೆ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ನಾಲ್ಕು ದಿನ ಆದಮೇಲೆ ಪಿಯುಸಿ ಓದುವ ಒಂದು ಹೆಣ್ಣುಮಗಳು ಬಂದಳು. ‘ಅಂಕಲ್, ನಾನು ಬರೆದಿದ್ದಕ್ಕೆ ಏನು ಉತ್ತರ ಬರೆದಿದ್ದೀರಾ ಅಂತ ನೋಡೋಕೆ ಬಂದೆ’ ಅಂದಳು. ಪುಸ್ತಕ ತೆಗೆದು ಹಾಳೆ ತಿರುವಿದಳು. ಅವಳು ಬರೆದ ಪುಟವೇ ಇರಲಿಲ್ಲ. ಆ ಹುಡುಗರು ಬೈದು ಬರೆದಿದ್ದ ಹಾಳೆಯ ಹಿಂದುಗಡೆ ಅವಳ ಬರಹ ಇತ್ತು. ನಾನು ತಿರುಗಿಸಿ ನೋಡಿರಲೇ ಇಲ್ಲ.

‘ಏನಮ್ಮ ಬರೆದಿದ್ದೆ?’ ಅಂತ ಕೇಳಿದೆ. ಹೇಳಿದಳು. ‘ನಮ್ಮ ತಾತನ ಜೊತೆ ಬಂದಿದ್ದೆ. ಪಕ್ಕದ ಟೇಬಲಿನವರಿಗೆಲ್ಲ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟರು. ನಮ್ಮ ತಾತನಿಗೆ ಪೇಪರ್ ಲೋಟ. ನಮ್ಮ ಕೇರಿಯವರಿಗೆ ಯಾಕೆ ಬೇರೆ ಅಂತ ಬರೆದಿದ್ದೆ.’

ನಾನು ಸಪ್ಲೈಯರ್‌ನನ್ನು ಕರೆದು ಕೇಳಿದೆ. ಅವನು ತಲೆ ತಗ್ಗಿಸಿದ. ‘ಅವರ ಊರಿನವರೇ ಒಬ್ಬರು ಪಕ್ಕದಲ್ಲಿ ಕೂತಿದ್ರು ಅಣ್ಣ. ಅವರು ಬೇಜಾರು ಮಾಡ್ಕೋತಾರೆ ಅಂತ ಹಂಗೆ ಮಾಡಿದೆ’ ಅಂದ. ನನ್ನ ಹೋಟ್ಲಲ್ಲಿ ಹಾಗೆ ನಡೆಯುತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ ಅಂದರೆ ನೀವು ನಂಬಬಹುದು. ಆದರೆ ಗೊತ್ತು ಮಾಡಿಕೊಳ್ಳಲು ನಾನು ಹೋಗಿರಲಿಲ್ಲ ಅನ್ನುವುದೇ ನಿಜ.

ಆಮೇಲೆ ಆ ಮಗು ಒಂದು ಮಾತು ಕೇಳಿದಳು. ‘ನೀವು ಹರಿದಿದ್ದು ಅವರು ಬೈದಿದ್ದನ್ನೋ, ನಾನು ಬರೆದಿದ್ದನ್ನೋ?’ ಬೈಗುಳವನ್ನೇ ಹರಿದೆ ಅಂತ ಹೇಳಿದೆ. ಸಾಕ್ಷಿ ಏನಿದೆ? ಒಲೆಯಲ್ಲಿ ಬೂದಿಯಾಗಿತ್ತು.

ಬಂಧುಗಳೇ, ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲ್ ಅಂತ ಹೆಸರು ಹೇಳಿಯೇ ಬರೆದಿದೆ, ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ ಅಂತ. 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆ ಹೆಣ್ಣುಮಗಳು ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು. ಹೋಗದೆ ನನ್ನ ಪುಸ್ತಕದಲ್ಲಿ ಬರೆದಳು. ಆ ಪುಸ್ತಕದ ಮೇಲೆ ನನಗಿಂತ ಅವಳಿಗೆ ಹೆಚ್ಚು ನಂಬಿಕೆ ಇತ್ತು.

ಅವರ ಮನೆಗೆ ಹೋಗಿ ತಾತನ ಕ್ಷಮೆ ಕೇಳಿದೆ. ಪುಸ್ತಕದಲ್ಲೂ ನನ್ನ ಕೈಯಾರೆ ಬರೆದೆ. ಅವತ್ತಿನಿಂದ ಹೋಟ್ಲಲ್ಲಿ ಕೂತು ಕುಡಿಯುವವರಿಗೆಲ್ಲ ಒಂದೇ ಥರದ ಲೋಟ. ಆಮೇಲೆ ಕೂತು ನಿಯಮ ಬರೆದೆ. ಆರೇ ಆರು.

ಒಂದು. ಪುಟಗಳಿಗೆ ನಂಬರ್ ಹಾಕಿರಬೇಕು. ಯಾವ ಕಾರಣಕ್ಕೂ ಹಾಳೆ ಹರಿಯಬಾರದು. ಬೈಗುಳ ಇದ್ದರೆ ಅಷ್ಟು ಸಾಲಿನ ಮೇಲೆ ಚೀಟಿ ಅಂಟಿಸಿ, ಯಾಕೆ ಮುಚ್ಚಿದ್ದು ಅಂತ ಬರೆದು, ತಾರೀಖು ಹಾಕಿ ಮಾಲೀಕ ಸಹಿ ಮಾಡಬೇಕು. ಮುಚ್ಚಿದ್ದು ನಾನು ಅಂತ ಊರಿಗೆ ಗೊತ್ತಾಗಬೇಕು.

ಎರಡು. ಏನು ಬರೆಯಬಾರದು ಅನ್ನುವುದು ಮೊದಲೇ ಗೋಡೆಯ ಮೇಲೆ ಇರಬೇಕು. ಜಾತಿ, ಧರ್ಮ, ಭಾಷೆ ಹಿಡಿದು ಬೈಯುವುದು, ಹೆಣ್ಣುಮಕ್ಕಳ ಬಗ್ಗೆ ಕೊಳಕು ಮಾತು, ಹೊಡೆಯುತ್ತೇವೆ ಕಡಿಯುತ್ತೇವೆ ಅನ್ನುವುದು, ಬೇರೆಯವರ ಫೋನ್ ನಂಬರು ಬರೆಯುವುದು, ಇಷ್ಟೇ ಬೇಡ. ರುಚಿ, ಬೆಲೆ, ಅಳತೆ, ಕೊಳೆ, ನಮ್ಮ ನಡವಳಿಕೆ, ಇದರ ಬಗ್ಗೆ ಎಷ್ಟು ಖಾರವಾಗಿ ಬರೆದರೂ ಮುಚ್ಚುವಂತಿಲ್ಲ. ಗಿರಾಕಿ ಬರೆದ ಮೇಲೆ ಹೊಸ ನಿಯಮ ಹುಟ್ಟಿಸಿ ಹಳೆಯ ಬರಹಕ್ಕೆ ಚೀಟಿ ಅಂಟಿಸುವಂತಿಲ್ಲ.

ಮೂರು. ಹೆಸರು, ಊರು ಬರೆದರೆ ಒಳ್ಳೆಯದು. ಪತ್ರಿಕೆಯವರು ಓದುಗರ ಪತ್ರಕ್ಕೆ ಹೆಸರು ವಿಳಾಸ ಕೇಳುವುದು ಯಾಕೆ? ಬರೆದ ಮಾತಿಗೆ ಒಬ್ಬರು ಹೊಣೆ ಇರಲಿ ಅಂತ. ಆದರೆ ಭಯ ಇರುವವರೂ ಇರುತ್ತಾರೆ. ಸಾರಿಗೆ ಉಪ್ಪು ಜಾಸ್ತಿ ಅನ್ನಲು ಹೆಸರು ಬೇಡ. ಒಬ್ಬ ಮನುಷ್ಯನ ಮೇಲೆ ಕಳ್ಳತನ, ಮೋಸ ಅಂತ ಆರೋಪ ಹೊರಿಸಿದರೆ ಹೆಸರು ಬೇಕು. ಭಯ ಇದ್ದವರು ನನಗೊಬ್ಬನಿಗೆ ಹೇಳಲಿ, ಪುಸ್ತಕದಲ್ಲಿ ತಾರೀಖು ಮಾತ್ರ ಇರಲಿ.

ನಾಲ್ಕು. ಏಳು ದಿನದೊಳಗೆ ಮಾಲೀಕ ಅದರ ಕೆಳಗೇ ಉತ್ತರ ಬರೆಯಬೇಕು. ಸರಿ ಮಾಡಿದ್ದರೆ ಏನು ಮಾಡಿದೆ ಅಂತ, ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ.

ಐದು. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು. ನಿಯಮ ಮತ್ತು ಉತ್ತರ ಕನ್ನಡದಲ್ಲಿ ಇರುತ್ತದೆ. ಅಕ್ಷರ ಬಾರದವರು ಬಾಯಲ್ಲಿ ಹೇಳಿದರೆ ನಮ್ಮವರು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕಾಗುಣಿತ ತಪ್ಪಿದ್ದರೆ ನಗಬಾರದು.

ಆರು. ಮುಚ್ಚಬೇಕೋ ಬೇಡವೋ ಅಂತ ಅನುಮಾನ ಬಂದರೆ ಮಾಲೀಕ ಒಬ್ಬನೇ ತೀರ್ಮಾನ ಮಾಡಬಾರದು. ನಾನು ಪಕ್ಕದ ಅಂಗಡಿಯವರನ್ನೂ ಒಬ್ಬ ಮೇಷ್ಟ್ರನ್ನೂ ಕೇಳುತ್ತೇನೆ. ನನ್ನ ಮೇಲೆ ಬರೆದದ್ದಕ್ಕೆ ನಾನೇ ಜಡ್ಜ್ ಆದರೆ ಹೇಗೆ?

ಇದನ್ನು ನೋಡಿ ನಮ್ಮ ವ್ಯಾಪಾರದ ಗೆಳೆಯರು ಕೇಳಿದರು. ‘ನಮ್ಮ ಅಂಗಡಿ, ನಮ್ಮ ಪುಸ್ತಕ, ಬೇಡ ಅಂದಿದ್ದನ್ನು ಹರಿದರೆ ಯಾರಪ್ಪನ ಗಂಟು ಹೋಯ್ತು?’ ನಿಜ, ಪುಸ್ತಕ ಇಡಲೇಬೇಕು ಅಂತ ನಿಮಗೆ ಯಾರೂ ಹೇಳಿಲ್ಲ. ಇಟ್ಟ ಮೇಲೆ ಹೊಗಳಿದ್ದನ್ನು ಉಳಿಸಿ ತೆಗಳಿದ್ದನ್ನು ಹರಿದರೆ ಅದು ಪುಸ್ತಕವಲ್ಲ, ಜಾಹೀರಾತು. ಇನ್ನು ಕಾನೂನಿನ ಮಾತು. ಒಬ್ಬರ ಮಾನ ಕಳೆಯುವ ಸುಳ್ಳನ್ನು ಬರೆದರೆ ಮಾನನಷ್ಟದ ಕೇಸು ಆಗುತ್ತದೆ. ಹಿಂದೆ ಐಪಿಸಿ 499 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ನಿಜವಾದ ಮಾತನ್ನು ಸಾರ್ವಜನಿಕರ ಹಿತಕ್ಕಾಗಿ ಹೇಳಿದರೆ ಅದು ಅಪರಾಧವಲ್ಲ ಅಂತ ಅಲ್ಲೇ ವಿನಾಯಿತಿಯೂ ಇದೆ. ‘ತೂಕದಲ್ಲಿ ಕಮ್ಮಿ ಬಂತು’ ಅಂತ ಗಿರಾಕಿ ಬರೆದರೆ ಕೇಸಿನ ಹೆದರಿಕೆ ಹಾಕಬೇಡಿ, ತಕ್ಕಡಿ ನೋಡಿಕೊಳ್ಳಿ.

ಇದು ನಮ್ಮ ನಾಡಿಗೆ ಹೊಸದೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ ಬಂದವರಲ್ಲಿ ರೈತರಿದ್ದರು, ವ್ಯಾಪಾರಿಗಳೂ ಇದ್ದರು. ಕಾನೂನು ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ತಮ್ಮ ಕಷ್ಟ ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೆ ಸರ್ಕಾರ ಅವರ ಎದುರು ಬಂದು ಕೂರಬೇಕಾಗಿತ್ತು. ಅಂದು ದಿವಾನರ ಎದುರು ಕಷ್ಟ ಹೇಳಿಕೊಂಡವರಲ್ಲಿ ನಮ್ಮ ವ್ಯಾಪಾರಿಗಳೂ ಸೇರಿದ್ದರು. ಇವತ್ತು ಗಿರಾಕಿ ನಮ್ಮ ಎದುರು ಹೇಳಿದರೆ ನಮಗೆ ಕಿವಿ ಇರಬೇಡವೇ?

ಇನ್ನು ಶಾಲು ಹೊದ್ದ ನನ್ನ ತಮ್ಮಂದಿರಿಗೆ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಆಯಿತು. ನೀವು ಬೀದಿಗೆ ಇಳಿದದ್ದರಿಂದ ಆಯಿತು, ಒಪ್ಪುತ್ತೇನೆ. ನನ್ನ ಬೋರ್ಡು ಮೊದಲಿನಿಂದಲೂ ಕನ್ನಡದಲ್ಲೇ ಇತ್ತು. ಆ ಕನ್ನಡದ ಬೋರ್ಡಿನ ಕೆಳಗೆ, ಅಚ್ಚ ಕನ್ನಡ ಮಾತಾಡುವ ಸಪ್ಲೈಯರ್, ಅಚ್ಚ ಕನ್ನಡಿಗ ಮುದುಕನಿಗೆ ಬೇರೆ ಲೋಟ ಕೊಟ್ಟ. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಒಡಿಶಾದ ಹುಡುಗ ಬಿದ್ದ. ಹಿಂದಿನ ಪುಟ ತಿರುವಿ ನೋಡಿದ್ದರೆ ನಿಮಗೂ ಕಾಣುತ್ತಿತ್ತು. ನೀವು ಬರೆದ ಬೈಗುಳದಿಂದ ಒಬ್ಬ ಕನ್ನಡದ ಹೆಣ್ಣುಮಗಳ ದೂರು ಒಲೆಗೆ ಹೋಯಿತು. ಹರಿದವನು ನಾನು, ತಪ್ಪು ನನ್ನದು. ಆದರೆ ಸ್ವಲ್ಪ ನೀವೂ ಯೋಚನೆ ಮಾಡಿ.

ನೀವು ಬರೆಯಬೇಕಾಗಿದ್ದುದು ಒಂದೇ ಸಾಲು. ‘ನೀರು ಕೇಳಿದರೆ ಅರ್ಥವಾಗಲಿಲ್ಲ. ಇವನಿಗೆ ಕನ್ನಡ ಕಲಿಸಿ.’ ಅಷ್ಟು ಬರೆದಿದ್ದರೆ ಏಳು ದಿನದಲ್ಲಿ ನಾನು ಉತ್ತರ ಕೊಡಬೇಕಾಗುತ್ತಿತ್ತು, ತಪ್ಪಿಸಿಕೊಳ್ಳಲು ನನಗೆ ದಾರಿಯೇ ಇರುತ್ತಿರಲಿಲ್ಲ. ಬೈದಿರಿ, ನನಗೆ ಹರಿಯಲು ನೆಪ ಸಿಕ್ಕಿತು. ಬೈಗುಳ ಯಾವಾಗಲೂ ಮಾಲೀಕನಿಗೇ ಅನುಕೂಲ ಕಣ್ರಪ್ಪ.

ಆ ಹುಡುಗ ಈಗ ‘ಏನು ಬೇಕು ಅಣ್ಣ’ ಅನ್ನುತ್ತಾನೆ. ಕಲಿಸಿದ್ದು ಗಿರಾಕಿಗಳೇ. ನನ್ನ ಪುಸ್ತಕ ಈಗಲೂ ಮೊಳೆಯಲ್ಲಿದೆ. ಬನ್ನಿ, ಊಟ ಮಾಡಿ, ಸಾರು ಕೆಟ್ಟಿದ್ದರೆ ಕೆಟ್ಟಿದೆ ಅಂತ ಬರೆಯಿರಿ. ನಿಮ್ಮ ನಿಮ್ಮ ಅಂಗಡಿಯಲ್ಲೂ ಒಂದೊಂದು ಪುಸ್ತಕ ಇಡಿ. ನಿಯಮ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಅದರ ಮೊದಲ ಸಾಲು ಗಿರಾಕಿಗೆ ಅಲ್ಲ, ನಿಮಗೆ: ಈ ಪುಸ್ತಕದ ಹಾಳೆಯನ್ನು ನಾನು ಹರಿಯುವುದಿಲ್ಲ.