ತಾತನ ಟ್ರಾನ್ಸ್‌ಫಾರ್ಮರ್



ನನ್ನ ಪುಟ್ಟ ಮರ ಕೊರೆಯುವ ಯಂತ್ರಕ್ಕೆ ತಾತ ಬೆಂಗಳೂರಿನಿಂದ ಟ್ರಾನ್ಸ್‌ಫಾರ್ಮರ್ ತಂದರು. ಅದರಲ್ಲಿ 115 ವೋಲ್ಟಿನ ಎರಡು ಸುರುಳಿಗಳಿವೆ. ಅಲ್ಲಿಯ 230 ವೋಲ್ಟಿಗೆ ಸರಣಿಯಲ್ಲಿ ಜೋಡಿಸಬೇಕು. ಶ್ಯಾಂಟಿಲಿಯ 120 ವೋಲ್ಟಿಗೆ ಸಮಾಂತರವಾಗಿ. ಒಂದು ಸುರುಳಿಯ ತುದಿಗಳು ಅದಲುಬದಲಾದರೂ ಸುಟ್ಟೀತು. ಅದಕ್ಕೇ ಫ್ಯೂಸ್ ಬೇಕು. ಇನ್ನೊಂದು ಬದಿಯಲ್ಲಿ ಬರುವ 24 ವೋಲ್ಟ್ ಎಸಿ, ನಾಲ್ಕು ಡಯೋಡ್ ದಾಟಿ ಕೆಪಾಸಿಟರ್ ತುಂಬಿದಾಗ ಸುಮಾರು 33 ವೋಲ್ಟ್ ಡಿಸಿ ಆಗುತ್ತದೆ.

“ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತೆ ಮರಿ, ಮೀಟರ್ ಇಟ್ಟು ನೋಡದೆ ಕೈ ಹಾಕಬೇಡ” ಎಂದರು ತಾತ. ಮೀಟರು ಸೊನ್ನೆಗೆ ಇಳಿಯುವವರೆಗೂ ಕಾದೆ.

ತಾತ ಕೆಲಸ ಕಲಿಸುವುದು ಕನ್ನಡದಲ್ಲೇ. ಅವರ ಒಂದೊಂದು ಮಾತೂ ನನಗೆ ತಿಳಿದದ್ದು ಈ ಶಾಲೆಯಿಂದ.