ಮನೆಯ ಮಾತು ಮತ್ತು ಬೆಳ್ಳಿತೆರೆ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಕರುಮತ್ತಂಪಟ್ಟಿಯಲ್ಲಿ ಮಾಡಿದ ಭಾಷಣ)



ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಅಪೇಕ್ಷಿಸಿದ್ದರು. ಪಂಪ ರನ್ನರನ್ನು ನಾನು ದಿನವೂ ಪಾಠದ ಕೊಠಡಿಯಲ್ಲಿ ಕಾಣುವವನು. ಆದುದರಿಂದ ಈ ಸಂಜೆ ಅವರಿಗೆ ವಿಶ್ರಾಂತಿ ಕೊಟ್ಟು, ನಮ್ಮೆಲ್ಲರ ಮನೆಗಳ ವಿಷಯವನ್ನೇ ಎತ್ತಿಕೊಂಡಿದ್ದೇನೆ. ವೃತ್ತಿಯಿಂದ ನಾನು ಕನ್ನಡ ಪಂಡಿತ. ಮನೆಯಲ್ಲಿ ಇಬ್ಬರು ಮಕ್ಕಳ ತಂದೆ. ಈ ಎರಡನೆಯ ಉದ್ಯೋಗಕ್ಕೆ ಸಂಬಳವೂ ಇಲ್ಲ, ಬೇಸಗೆಯ ರಜವೂ ಇಲ್ಲ ಎಂಬುದನ್ನು ಇಲ್ಲಿ ಕುಳಿತಿರುವ ತಂದೆತಾಯಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಮಕ್ಕಳ ತಂದೆತಾಯಿಗಳು ನನ್ನ ಬಳಿ ಹೇಳಿಕೊಳ್ಳುವ ದೂರು ಬಹುಮಟ್ಟಿಗೆ ಒಂದೇ. “ಪಂಡಿತರೆ, ಹುಡುಗ ಸಿನಿಮಾದಿಂದ ಕೆಟ್ಟ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಹೇಳುತ್ತಾನೆ” ಎನ್ನುತ್ತಾರೆ. ಈ ದೂರಿನಲ್ಲಿ ಎರಡು ಸಂಗತಿಗಳು ಬೆರೆತಿವೆ. ಅವನ್ನು ಬಿಡಿಸಿ ನೋಡುವುದೇ ಈ ದಿನ ನನ್ನ ಉದ್ದೇಶ.

ಮೊದಲು ಸಿನಿಮಾದ ಮಾತು. ನಾವು ಯಾವ ನೆಲದಲ್ಲಿ ನಿಂತು ಸಿನಿಮಾವನ್ನು ಬಯ್ಯುತ್ತಿದ್ದೇವೆಂಬುದನ್ನು ಸ್ವಲ್ಪ ನೆನೆಯಬೇಕು. ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ ಎಂಬುವರು ರೈಲ್ವೆಯ ನೌಕರರಾಗಿದ್ದವರು. 1905ರಲ್ಲಿ ಅವರು ಫ್ರೆಂಚ್ ಪ್ರದರ್ಶಕನೊಬ್ಬನಿಂದ ಚಿತ್ರ ತೋರಿಸುವ ಯಂತ್ರವನ್ನು ಕೊಂಡು, ಡೇರೆ ಹಾಕಿ ಊರೂರು ತಿರುಗಿ ಜನರಿಗೆ ಚಲಚ್ಚಿತ್ರವನ್ನು ತೋರಿಸಿದರು. ಮುಂದೆ 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಕಟ್ಟಿಸಿದರು. ಬಳಿಕ ಇದೇ ನಗರದಲ್ಲಿ ಸೆಂಟ್ರಲ್ ಸ್ಟುಡಿಯೋ ಹುಟ್ಟಿತು, ಪಕ್ಷಿರಾಜಾ ಸ್ಟುಡಿಯೋ ಹುಟ್ಟಿತು. ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರ ಕಾದಂಬರಿಯಿಂದ ಪಕ್ಷಿರಾಜಾದ ಶ್ರೀರಾಮುಲು ನಾಯಿಡು ಅವರು 1954ರಲ್ಲಿ ‘ಮಲೈಕ್ಕಳ್ಳನ್’ ಚಿತ್ರವನ್ನು ತಮಿಳಿನಲ್ಲಿ ತೆಗೆದರು. ಅದೇ ಕಥೆ ತೆಲುಗು, ಹಿಂದಿ, ಮಲಯಾಳಗಳನ್ನು ಹೊಕ್ಕು, 1957ರಲ್ಲಿ ‘ಬೆಟ್ಟದ ಕಳ್ಳ’ ಎಂಬ ಹೆಸರಿನಿಂದ ಕನ್ನಡಕ್ಕೂ ಬಂದಿತು. ಕಳ್ಳನೊಬ್ಬನೇ, ಹೋದ ಮನೆಯಲ್ಲೆಲ್ಲ ಆಯಾ ಮನೆಯ ಮಾತನ್ನೇ ಆಡಿದ!

ಇನ್ನು ಕನ್ನಡ ಚಿತ್ರದ ವಿಷಯ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದಿತು. ಇಪ್ಪತ್ತು ವರ್ಷಗಳ ಮೇಲೆ, 1954ರಲ್ಲಿ, ‘ಬೇಡರ ಕಣ್ಣಪ್ಪ’ ಬಂದಿತು. ಅದರ ನಾಯಕ ರಾಜಕುಮಾರರು ಹುಟ್ಟಿದ ಊರು ಯಾವುದು? ತಾಳವಾಡಿಯ ಸಮೀಪದ ಗಾಜನೂರು. ಅವರು ಜನಿಸಿದ 1929ರಲ್ಲಿ ಅದು ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಕೊಳ್ಳೇಗಾಲ ತಾಲ್ಲೂಕೂ ನಮ್ಮ ಜಿಲ್ಲೆಯೇ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಇತ್ತಲೇ ಉಳಿಯಿತು. ಇಂದು ಅದು ಈರೋಡು ಜಿಲ್ಲೆಯಲ್ಲಿದೆ. ಕೋಟ್ಯಂತರ ಕನ್ನಡಿಗರು ಶುದ್ಧ ಉಚ್ಚಾರಣೆಗೆ ಮಾದರಿಯೆಂದು ಕೊಂಡಾಡಿದ ನಾಲಗೆ ನಮ್ಮಂತಹ ಗಡಿಯ ಹಳ್ಳಿಯದು. ಅವರು ಶಾಲೆಯಲ್ಲಿ ಓದಿದ್ದು ಸ್ವಲ್ಪವೇ. ಭಾಷೆಯನ್ನು ಕಲಿತದ್ದು ಮನೆಯಲ್ಲಿ ಕಿವಿಯಿಂದ, ನಾಟಕದ ಕಂಪೆನಿಯಲ್ಲಿ ಬಾಯಿಂದ. ಕನ್ನಡ ಕಲಿಸುವ ಶಾಲೆ ದೂರವೆಂದು ಕೊರಗುವ ತಂದೆತಾಯಿಗಳು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಕಣ್ಣಪ್ಪನ ಕಥೆಯಾದರೂ ಯಾರದು? ತಮಿಳಿನಲ್ಲಿ ಶೇಕ್ಕಿಳಾರರ ಪೆರಿಯಪುರಾಣದಲ್ಲಿ ಅವನು ಕಣ್ಣಪ್ಪ ನಾಯನಾರ್. ಕನ್ನಡದಲ್ಲಿ ಹರಿಹರನ ರಗಳೆಯಲ್ಲಿ ಅವನೇ ಕಣ್ಣಪ್ಪ. ಅವನು ಕಣ್ಣನ್ನರ್ಪಿಸಿದ ಕಾಳಹಸ್ತಿ ತೆಲುಗು ನಾಡಿನಲ್ಲಿದೆ. ನಮ್ಮ ಪೂರ್ವಿಕರು ಭಕ್ತನನ್ನು ಗಡಿಯ ಕಲ್ಲಿನಲ್ಲಿ ನಿಲ್ಲಿಸಿ “ನಿನ್ನ ಮಾತೃಭಾಷೆ ಯಾವುದು?” ಎಂದು ಕೇಳಲಿಲ್ಲ. ಆದುದರಿಂದ ನಮ್ಮ ಮಕ್ಕಳು ತಮಿಳನ್ನು ಕಲಿಯುವುದರ ಬಗ್ಗೆ ನನಗೆ ಲೇಶಮಾತ್ರವೂ ಅಸಮಾಧಾನವಿಲ್ಲ. ಅನ್ನ ಕೊಡುವ ನಾಡಿನ ಭಾಷೆ ಅದು, ಮಹಾಕಾವ್ಯಗಳ ಭಾಷೆ. ಅದನ್ನು ಚೆನ್ನಾಗಿಯೇ ಕಲಿಯಲಿ. ಶಾಲೆಯಲ್ಲಿ ಅದು ಸಿಕ್ಕೇ ಸಿಗುತ್ತದೆ, ಬೀದಿಯಲ್ಲೂ ಸಿಗುತ್ತದೆ. ಕನ್ನಡವಾದರೋ ಸಿಗಬೇಕಾದದ್ದು ಮನೆಯೊಂದರಲ್ಲೇ. ಅಲ್ಲಿ ತಪ್ಪಿದರೆ ಬೇರೆಲ್ಲಿಯೂ ಇಲ್ಲ.

ಹಾಗಾದರೆ ಮನೆಯಲ್ಲಿ ಅದು ಏಕೆ ತಪ್ಪುತ್ತಿದೆ? ಇಲ್ಲಿ ಸಿನಿಮಾವನ್ನು ಬಿಟ್ಟು ನಮ್ಮ ದಿನಚರಿಯನ್ನು ನೋಡೋಣ. ಸೋಮನೂರು, ಕರುಮತ್ತಂಪಟ್ಟಿಗಳ ಸುತ್ತ ವಿದ್ಯುತ್ ಮಗ್ಗದ ಸದ್ದು ಕೇಳದ ಬೀದಿ ವಿರಳ. ಮಗ್ಗ ನಡೆಯುತ್ತಿರುವಾಗ ಎರಡು ಗೇಣು ದೂರದಲ್ಲಿ ನಿಂತವನ ಮಾತೂ ಕೇಳಿಸದು; ಕೈಸನ್ನೆಯೇ ಭಾಷೆ. ನೂಲು, ಪಾವು ಕೊಡುವವರು ಬೇರೆ, ಕೂಲಿಗೆ ನೇಯ್ದು ಕೊಡುವವರು ನಾವು. ಕೂಲಿಯ ದರ ಏರದೆ ವಿದ್ಯುತ್ತಿನ ದರ ಏರಿದರೆ ಮನೆಯ ಲೆಕ್ಕ ತಲೆಕೆಳಗಾಗುತ್ತದೆ. 2022ರಲ್ಲಿಯೂ 2025ರಲ್ಲಿಯೂ ಕೂಲಿಯ ಪರಿಷ್ಕರಣಕ್ಕಾಗಿ ಮಗ್ಗಗಳು ವಾರಗಟ್ಟಲೆ ನಿಂತುದನ್ನು ನೀವು ಅನುಭವಿಸಿದ್ದೀರಿ. ಇಂತಹ ದುಡಿಮೆಯಿಂದ ರಾತ್ರಿ ಮನೆಯೊಳಕ್ಕೆ ಬಂದ ತಂದೆಗೆ ಮಾತು ಬೇಡವಾಗಿರುತ್ತದೆ. ಒಲೆಯ ಮುಂದಿರುವ ತಾಯಿಗೆ ಮಗು ಅಳದಿದ್ದರೆ ಸಾಕಾಗಿರುತ್ತದೆ. ಆಗ ಮಗುವಿನ ಕೈಗೆ ಮೊಬೈಲು ಹೋಗುತ್ತದೆ. ಡೇರೆಗೆ ಹೋಗಿ ನೋಡುತ್ತಿದ್ದ ಸಿನಿಮಾ ಇಂದು ಅಂಗೈಗೆ ಬಂದಿದೆ. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಒಂದೊಂದು ಚಿತ್ರ. ಇದನ್ನು ಕೊಟ್ಟ ತಾಯಿಯನ್ನು ನಾನು ದೂಷಿಸಲಾರೆ. ದಣಿದವಳ ಕಷ್ಟ ಉಪದೇಶಕನಿಗೆ ತಿಳಿಯದು.

ಆದರೆ ಫಲವೇನು? ನನಗೆ ಪರಿಚಯದ ಮನೆಯೊಂದರ ಅಜ್ಜಿ ಕತೆ ಹೇಳುವುದರಲ್ಲಿ ಜಾಣೆ. ಮೊಮ್ಮಗಳಿಗೆ ಅವರ ಕನ್ನಡವೆಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲು ಬಾರದು. “ಕೇಳ್ತಾಳಪ್ಪ, ಆದ್ರೆ ಮಾತೇ ಆಡಲ್ಲ. ಗೋಡೆಗೆ ಹೇಳ್ದಂಗೆ ಆಯ್ತದೆ” ಎಂದು ಅವರು ನನ್ನೊಡನೆ ಹೇಳಿದರು. ಕೇಳಿದರೆ ತಿಳಿಯುವ, ಆಡಲು ಬಾರದ ಭಾಷೆ ಒಂದು ತಲೆಮಾರು ಮಾತ್ರ ಬದುಕುತ್ತದೆ. ಆ ಹುಡುಗಿ ನಾಳೆ ತಾಯಿಯಾದಾಗ ಅವಳ ಮಗುವಿಗೆ ಕೇಳಿಸುವುದಕ್ಕೂ ಏನೂ ಉಳಿದಿರುವುದಿಲ್ಲ. ನಾವು ಚಿಂತಿಸಬೇಕಾದದ್ದು ಇದನ್ನು.

ಇದಕ್ಕೆ ಸಿನಿಮಾವನ್ನು ನಿಷೇಧಿಸಿ ಪ್ರಯೋಜನವಿಲ್ಲ. ನಿಷೇಧಿಸಿದ್ದನ್ನು ಮಕ್ಕಳು ಹೊದಿಕೆಯ ಕೆಳಗೆ ನೋಡುತ್ತಾರೆ. ನನ್ನ ಸಲಹೆ ಬೇರೆ. ವಾರಕ್ಕೊಮ್ಮೆ, ಮಗ್ಗ ನಿಂತ ದಿನ, ಮನೆಯವರೆಲ್ಲ ಒಂದೆಡೆ ಕುಳಿತು ಒಂದೇ ಚಿತ್ರವನ್ನು ನೋಡಿ. ಅದು ತಮಿಳಿನದಾದರೂ ಚಿಂತೆಯಿಲ್ಲ, ಕನ್ನಡದ್ದಾದರೆ ಸಂತೋಷ. ಮುಗಿದೊಡನೆ ಎದ್ದುಹೋಗದೆ, ಊಟದ ಎಲೆಯ ಮುಂದೆ ಅದನ್ನು ಕುರಿತು ಕನ್ನಡದಲ್ಲಿ ಮಾತನಾಡಿ. ಆ ಮಗ ತಂದೆಗೆ ಸುಳ್ಳು ಹೇಳಿದ್ದು ಸರಿಯೇ? ಆ ಹೆಣ್ಣುಮಗಳ ಮದುವೆಯನ್ನು ಅವಳನ್ನೇ ಕೇಳದೆ ನಿಶ್ಚಯಿಸಿದ್ದು ನ್ಯಾಯವೇ? ನಾಯಕ ನಾಲ್ವರನ್ನು ಹೊಡೆದು ಮುಗಿಸಿದನಲ್ಲ, ನಮ್ಮ ಬೀದಿಯಲ್ಲಾದರೆ ಏನಾಗುತ್ತಿತ್ತು? ಮಕ್ಕಳು ಸಾಲ, ಕೂಲಿ, ಮದುವೆ, ಕುಡಿತ ಮುಂತಾದ ಸಂಸಾರದ ಕಷ್ಟಗಳನ್ನು ಕುರಿತು ತಂದೆಯೊಡನೆ ನೇರವಾಗಿ ಮಾತನಾಡಲು ಹಿಂಜರಿಯುತ್ತಾರೆ. ಸಿನಿಮಾದ ನೆಪದಲ್ಲಿ ಧಾರಾಳವಾಗಿ ಮಾತನಾಡುತ್ತಾರೆ. ಇದು ನನ್ನ ಮನೆಯಲ್ಲಿ ನಾನು ಕಂಡ ಸಂಗತಿ.

ಪಂಡಿತರಿಗೂ ಒಂದು ಮಾತು ಹೇಳಬೇಕು. ಇಲ್ಲಿಯ ದೇವಾಂಗದ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಆಡುವ ಕನ್ನಡದಲ್ಲಿ ತಮಿಳಿನ ಬೆರಕೆಯುಂಟು. ಹಾಗೆಂದು ಅದನ್ನು ಕಂಡು ನಗಬಾರದು. ಮಗು ತಪ್ಪಾಗಿ ಒಂದು ವಾಕ್ಯ ಹೇಳಿದಾಗ ವ್ಯಾಕರಣ ತಿದ್ದಿದರೆ ಎರಡನೆಯ ವಾಕ್ಯ ಹೊರಡುವುದೇ ಇಲ್ಲ. ಮೊದಲು ಮಾತು ಹರಿಯಲಿ, ತಿದ್ದುವುದಕ್ಕೆ ಕಾಲವಿದೆ. ಜೇಡರ ದಾಸಿಮಯ್ಯ ನೇಯುವ ಕಸುಬಿನವನು. ಅವನ ವಚನಗಳು ಇಂದಿಗೂ ಪಠ್ಯಪುಸ್ತಕದಲ್ಲಿವೆ. ಮಗ್ಗದ ಮನೆಯ ಮಾತು ಸಾಹಿತ್ಯಕ್ಕೆ ಹೊರತೆಂದು ಯಾರೂ ಹೇಳಲಾರರು.

ಸಂಘದವರಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಮ್ಮೆ ಉತ್ಸವ ಮಾಡುವುದು ಒಳ್ಳೆಯದೇ. ಅದರೊಡನೆ ತಿಂಗಳಿಗೊಂದು ಭಾನುವಾರ ಒಂದು ಕನ್ನಡ ಚಿತ್ರವನ್ನು ಎಲ್ಲರಿಗೂ ತೋರಿಸಿ, ಬಳಿಕ ಅರ್ಧ ಗಂಟೆ ಮಕ್ಕಳಿಂದಲೇ ಅದರ ಕಥೆಯನ್ನು ಹೇಳಿಸುವ ಏರ್ಪಾಡಾಗಲಿ. ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ. ಮಕ್ಕಳು ಹೇಳುವುದು ಅವರಿಗೆ ಕೇಳಿಸಬೇಕು.