ಏಪ್ರಿಲ್ ಒಂದು ಎಂಬ ಮನೆತನ

(ಜಪಾನಿನ ಅಡ್ಡಹೆಸರುಗಳನ್ನು ಕುರಿತು ಮಾಡಿದ ಭಾಷಣದ ಬರಹ ರೂಪ)



ಜಪಾನಿನಲ್ಲಿ ಒಂದು ಅಪರೂಪದ ಅಡ್ಡಹೆಸರಿದೆ. ಅದನ್ನು ಬರೆಯಲು ನಾಲ್ಕು ಅಕ್ಷರ ಬೇಕು. ಮೊದಲನೆಯ ಅಕ್ಷರದ ಅರ್ಥ ‘ನಾಲ್ಕು’, ಎರಡನೆಯದು ‘ತಿಂಗಳು’, ಮೂರನೆಯದು ‘ಒಂದು’, ಕೊನೆಯದು ‘ದಿನ’. ಕೂಡಿಸಿದರೆ ನಾಲ್ಕನೆಯ ತಿಂಗಳ ಮೊದಲ ದಿನ, ಅಂದರೆ ಏಪ್ರಿಲ್ ಒಂದು. ಕ್ಯಾಲೆಂಡರಿನಲ್ಲಿ ಈ ಅಕ್ಷರಗಳು ಕಂಡರೆ ಜಪಾನಿನ ಶಾಲಾ ಮಕ್ಕಳೂ ‘ಶಿಗತ್ಸು ತ್ಸುಇತಚಿ’ ಎಂದು ತಡವರಿಸದೆ ಓದುತ್ತಾರೆ. ಅದೇ ಅಕ್ಷರಗಳು ಮನೆಯ ಮುಂದಿನ ಹೆಸರಿನ ಫಲಕದಲ್ಲಿ ಕಂಡರೆ ಉಚ್ಚಾರ ಪೂರ್ತಿ ಬೇರೆ: ‘ವತನುಕಿ’. ‘ವತ’ ಎಂದರೆ ಹತ್ತಿ, ‘ನುಕಿ’ ಎಂದರೆ ಹೊರತೆಗೆಯುವುದು.

ದಿನಾಂಕಕ್ಕೂ ಹತ್ತಿಗೂ ಎಲ್ಲಿಯ ನಂಟು? ಉತ್ತರ ಜಪಾನೀಯರ ಬಟ್ಟೆಯ ಪೆಟ್ಟಿಗೆಯಲ್ಲಿದೆ. ಋತು ಬದಲಾದಾಗ ಉಡುಪು ಬದಲಿಸುವ ‘ಕೊರೊಮೊಗಯೆ’ ಎಂಬ ಪದ್ಧತಿ ಅಲ್ಲಿ ಹಳೆಯ ಕಾಲದ ಅರಮನೆಯಿಂದಲೇ ನಡೆದುಬಂದಿದೆ. 1603ರಿಂದ ನಡೆದ ತೊಕುಗವ ಶೋಗನ್‌ಗಳ ಆಳ್ವಿಕೆಯಲ್ಲಿ ಸಮುರಾಯ್‌ಗಳಿಗೆ ಇದು ಕಟ್ಟುನಿಟ್ಟಿನ ನಿಯಮವೇ ಆಯಿತು. ಒಂಬತ್ತನೆಯ ತಿಂಗಳ ಒಂಬತ್ತರಿಂದ ಚಳಿಗಾಲ ಮುಗಿಯುವವರೆಗೆ ಹತ್ತಿ ತುಂಬಿದ ದಪ್ಪ ನಿಲುವಂಗಿ. ನಾಲ್ಕನೆಯ ತಿಂಗಳ ಮೊದಲ ದಿನ ಬಂತೆಂದರೆ ಆ ಅಂಗಿಯ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿ ತೆಗೆದು, ಎರಡು ಪದರದ ಹಗುರ ಉಡುಪಾಗಿ ಮಾಡಿಕೊಳ್ಳಬೇಕು. ಐದನೆಯ ತಿಂಗಳ ಐದರಿಂದ ಒಂದೇ ಪದರದ ಬೇಸಿಗೆ ಉಡುಪು. ಹೀಗೆ ‘ನಾಲ್ಕನೆಯ ತಿಂಗಳ ಒಂದು’ ಎಂದೊಡನೆ ‘ಹತ್ತಿ ತೆಗೆಯುವ ದಿನ’ ಎಂಬ ಅರ್ಥ ಕೇಳುವವರ ಮನಸ್ಸಿಗೆ ತಾನಾಗಿ ಬರುತ್ತಿತ್ತು. ಹೆಸರು ಹುಟ್ಟಿದ್ದು ಹೀಗೆ ಎಂಬುದೇ ಎಲ್ಲೆಡೆ ಹೇಳಲಾಗುವ ವಿವರಣೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಆ ದಿನಾಂಕ ನಮ್ಮ ಗೋಡೆಯ ಮೇಲಿನ ಏಪ್ರಿಲ್ ಒಂದಲ್ಲ. ಜಪಾನ್ ಇಂಗ್ಲಿಷ್ ಕ್ಯಾಲೆಂಡರನ್ನು ಅಳವಡಿಸಿಕೊಂಡದ್ದು 1873ರ ಜನವರಿ ಒಂದರಿಂದ. ಅದಕ್ಕೆ ಮುಂಚೆ ಅವರದು ಚಂದ್ರನ ಗತಿಯನ್ನು ಅನುಸರಿಸುವ ಪಂಚಾಂಗ. ಅದರ ನಾಲ್ಕನೆಯ ತಿಂಗಳು ಶುರುವಾಗುತ್ತಿದ್ದುದು ಹೆಚ್ಚುಕಡಿಮೆ ನಮ್ಮ ವೈಶಾಖದ ಹೊತ್ತಿಗೆ. ಆಗ ನಿಜಕ್ಕೂ ಹತ್ತಿಯ ಅಂಗಿ ಸೆಕೆ ತರಿಸುತ್ತದೆ. ಈಗಿನ ಏಪ್ರಿಲ್ ಒಂದರಂದು ಅಲ್ಲಿ ಇನ್ನೂ ಚಳಿ ಬಿಟ್ಟಿರುವುದಿಲ್ಲ. ಇಂದಿನ ಶಾಲಾ ಮಕ್ಕಳು ಸಮವಸ್ತ್ರ ಬದಲಿಸುವ ವಾಡಿಕೆಯ ದಿನಗಳು ಜೂನ್ ಒಂದು ಮತ್ತು ಅಕ್ಟೋಬರ್ ಒಂದು. ಪಂಚಾಂಗ ಹೋಯಿತು, ಸಮುರಾಯ್‌ಗಳೂ ಹೋದರು. ಆ ದಿನ ಮಾತ್ರ ಒಂದು ಮನೆತನದ ಹೆಸರಾಗಿ ಉಳಿಯಿತು.

ಹತ್ತಿಯ ಮಾತು ಬಂದಾಗ ನಮ್ಮ ದೇಶದ ನೆನಪಾಗದಿರದು. ಜಪಾನಿನ ಹಳೆಯ ಅರಮನೆ ಚರಿತ್ರೆಯೊಂದರಲ್ಲಿ 799ನೇ ಇಸವಿಯ ಪ್ರಸಂಗವೊಂದಿದೆ. ಮಿಕವ ಪ್ರಾಂತ್ಯದ, ಅಂದರೆ ಈಗಿನ ಐಚಿಯ ಕಡಲ ತೀರಕ್ಕೆ ಚಿಕ್ಕ ದೋಣಿಯಲ್ಲಿ ಪರದೇಶಿಯೊಬ್ಬ ತೇಲಿಬಂದ. ಭಾಷೆ ಕಲಿತ ಮೇಲೆ ತಾನು ‘ತೆಂಜಿಕು’ವಿನವನು ಎಂದು ಹೇಳಿಕೊಂಡ. ತೆಂಜಿಕು ಎಂದರೆ ಭಾರತ. ಅವನ ಬಳಿ ಇದ್ದದ್ದು ಹತ್ತಿಯ ಬೀಜ. ಮರುವರ್ಷ ಅದನ್ನು ಹಲವು ಪ್ರಾಂತ್ಯಗಳಲ್ಲಿ ಬಿತ್ತಿದರೂ ಬೆಳೆ ನಿಲ್ಲಲಿಲ್ಲ. ಜಪಾನಿನಲ್ಲಿ ಹತ್ತಿಯ ಬೇಸಾಯ ಬೇರೂರಿದ್ದು 15 ಮತ್ತು 16ನೇ ಶತಮಾನಗಳಲ್ಲಿ. ಅದಕ್ಕೂ ಮೊದಲು ‘ವತ’ ಎಂದರೆ ರೇಷ್ಮೆಗೂಡನ್ನು ಬಿಡಿಸಿ ಮಾಡಿದ ಅರಳೆ. ಅಂಗಿಯೊಳಗೆ ತುಂಬುತ್ತಿದ್ದುದೂ ಅದನ್ನೇ.

ಇನ್ನು ಅಕ್ಷರ ಒಂದು, ಉಚ್ಚಾರ ಇನ್ನೊಂದು ಆಗುವುದು ಹೇಗೆ? ನಮ್ಮ ಲಿಪಿಯಲ್ಲಿ ಅಕ್ಷರವೆಂದರೆ ಧ್ವನಿ. ‘ಕ’ ಬರೆದರೆ ‘ಕ’ ಎಂದೇ ಓದಬೇಕು. ಜಪಾನೀಯರು ಚೀನಾದಿಂದ ಪಡೆದ ಅಕ್ಷರಗಳು ಮೊದಲು ಅರ್ಥವನ್ನು ಸೂಚಿಸುತ್ತವೆ. ಒಂದೇ ಅಕ್ಷರಕ್ಕೆ ಚೀನೀ ಮೂಲದ ಓದು ಒಂದು, ಅಪ್ಪಟ ಜಪಾನೀ ಓದು ಇನ್ನೊಂದು ಇರುವುದುಂಟು. ಕೆಲವೊಮ್ಮೆ ಹಲವು ಅಕ್ಷರಗಳ ಒಟ್ಟು ಅರ್ಥವನ್ನು ಹಿಡಿದು, ಅದಕ್ಕೆ ಹೊಂದುವ ಬೇರೆಯೇ ಪದವನ್ನು ಉಚ್ಚರಿಸುತ್ತಾರೆ. ವತನುಕಿ ಅಂಥದ್ದು. ಒಂದು ರೀತಿಯಲ್ಲಿ ಒಗಟು.

ಇಂಥ ಒಗಟುಗಳು ಇನ್ನೂ ಇವೆ. ‘ಎಂಟನೆಯ ತಿಂಗಳ ಒಂದು’ ಎಂದು ಬರೆದು ‘ಹೊಜುಮಿ’ ಎಂದು ಓದುವ ಹೆಸರಿದೆ. ಹೊಜುಮಿ ಎಂದರೆ ತೆನೆ ಕೊಯ್ಯುವುದು. ಆ ಹೊತ್ತಿಗೆ ಹೊಸ ಭತ್ತದ ತೆನೆ ಕಿತ್ತು ದೇವರಿಗೆ ಅರ್ಪಿಸುತ್ತಿದ್ದರು. ‘ಚಿಕ್ಕ ಹಕ್ಕಿಗಳು ಆಡುತ್ತವೆ’ ಎಂದು ಬರೆದರೆ ಓದುವುದು ‘ತಕನಶಿ’, ಅಂದರೆ ಗಿಡುಗ ಇಲ್ಲ. ಗಿಡುಗವಿಲ್ಲದ ಕಡೆ ತಾನೆ ಗುಬ್ಬಿಗಳು ನಿರ್ಭಯವಾಗಿ ಆಡುವುದು! ‘ಚಂದ್ರ ಕಾಣುವ ಹಳ್ಳಿ’ ಎಂದು ಬರೆದರೆ ‘ಯಮನಶಿ’, ಬೆಟ್ಟ ಇಲ್ಲ. ಅಡ್ಡ ಬರುವ ಬೆಟ್ಟವಿಲ್ಲದಿದ್ದರೆ ಚಂದ್ರ ಚೆನ್ನಾಗಿ ಕಾಣುತ್ತಾನೆ. ‘ಒಂದು’ ಎಂಬ ಒಂದೇ ಗೆರೆಯ ಅಕ್ಷರಕ್ಕೆ ‘ನಿನೊಮಎ’ ಎಂಬ ಓದೂ ಉಂಟು. ಎರಡರ ಹಿಂದಿನದು ಎಂದು ಅದರ ಅರ್ಥ.

ವತನುಕಿಯನ್ನು ಇನ್ನೂ ಸರಳವಾಗಿ, ‘ಹತ್ತಿ’ ಮತ್ತು ‘ತೂರಿಸು’ ಎಂಬ ಎರಡು ಅಕ್ಷರಗಳಲ್ಲಿ ಬರೆಯುವವರೇ ಹೆಚ್ಚು. 2000ದಿಂದ 2003ರವರೆಗೆ ಜಪಾನ್ ಸಂಸತ್ತಿನ ಕೆಳಮನೆಯ ಸಭಾಧ್ಯಕ್ಷರಾಗಿದ್ದ ತಮಿಸುಕೆ ವತನುಕಿ ಅವರ ಹೆಸರು ಹಾಗೆ ಬರೆಯುವಂಥದ್ದು. ಗುನ್ಮ ಪ್ರಾಂತ್ಯದ ತಕಸಕಿ ನಗರದಲ್ಲಿ ವತನುಕಿ ಎಂಬ ಸ್ಥಳವೇ ಇದೆ. ಅಲ್ಲಿನ 6ನೇ ಶತಮಾನದ ಸಮಾಧಿ ದಿಬ್ಬದಲ್ಲಿ ಸಿಕ್ಕ ವಸ್ತುಗಳನ್ನು 2020ರಲ್ಲಿ ರಾಷ್ಟ್ರೀಯ ನಿಧಿ ಎಂದು ಘೋಷಿಸಲಾಯಿತು. ದಿನಾಂಕದ ಅಕ್ಷರಗಳಲ್ಲಿ ಬರೆಯುವ ವತನುಕಿಗಳು ಮಾತ್ರ ಬಹಳ ವಿರಳ.

ಆದರೂ ಈ ವಿರಳ ಹೆಸರು ಜಪಾನಿನ ಯುವಜನರಿಗೆ ಚಿರಪರಿಚಿತ. ‘ಕ್ಲ್ಯಾಂಪ್’ ಎಂಬ ಕಲಾವಿದೆಯರ ತಂಡ 2003ರಲ್ಲಿ ಆರಂಭಿಸಿದ ‘ಹಾಲಿಕ್’ ಚಿತ್ರಕಥಾ ಮಾಲೆಯ ನಾಯಕನ ಅಡ್ಡಹೆಸರು ಇದೇ. ಅವನ ಹುಟ್ಟಿದ ದಿನವೂ ಏಪ್ರಿಲ್ ಒಂದು. ‘ಹಕ್ಕಿಗಳು ಆಡುವ’ ತಕನಶಿಯೂ 2010 ಮತ್ತು 2012ರಲ್ಲಿ ಟಿ.ವಿ.ಗೆ ಬಂದ ಎರಡು ಕಾರ್ಟೂನ್ ಸರಣಿಗಳ ಮುಖ್ಯ ಪಾತ್ರಗಳಿಗೆ ಅಂಟಿಕೊಂಡಿತು. ಹೀಗೆ ಕಥೆಗಳಲ್ಲಿ ಈ ಹೆಸರುಗಳು ಜನಪ್ರಿಯವಾದವು. ನೆರೆಮನೆಯಲ್ಲಿ ಅಂಥವರೊಬ್ಬರು ಸಿಗುವುದು ಕಷ್ಟ.

ಏಕೆ ಕಷ್ಟ ಎಂದರೆ ಕಾನೂನಿನ ಕಡೆ ನೋಡಬೇಕು. ಸಾಮಾನ್ಯ ಜನ ಬಹಿರಂಗವಾಗಿ ಅಡ್ಡಹೆಸರು ಇಟ್ಟುಕೊಳ್ಳಲು ಸರ್ಕಾರ ಅನುಮತಿ ಕೊಟ್ಟದ್ದು 1870ರಲ್ಲಿ; 1875ರಲ್ಲಿ ಅದನ್ನು ಕಡ್ಡಾಯ ಮಾಡಿತು. ಎಲ್ಲರೂ ಆಗಲೇ ಹೊಸ ಹೆಸರು ಕಟ್ಟಿಕೊಂಡರೆಂಬ ನಂಬಿಕೆ ಪೂರ್ತಿ ಸರಿಯಲ್ಲ. ರೈತರಲ್ಲೂ ವ್ಯಾಪಾರಿಗಳಲ್ಲೂ ಅನೇಕರಿಗೆ ಮನೆಮಟ್ಟಿನ ಹೆಸರು ಮೊದಲೇ ಇತ್ತು. 1996ರಲ್ಲಿ ಮೊತೊಜಿ ನಿವ ಅವರು ಹೊರತಂದ ನಿಘಂಟಿನಲ್ಲಿ ಸುಮಾರು 2 ಲಕ್ಷ 90 ಸಾವಿರ ಅಡ್ಡಹೆಸರುಗಳಿವೆ. ಇಷ್ಟು ದೊಡ್ಡ ಭಂಡಾರವಿದ್ದರೂ ಸತೋ, ಸುಜುಕಿ, ತಕಹಶಿಗಳೇ ಎಲ್ಲೆಡೆ ತುಂಬಿದ್ದಾರೆ.

ಮದುವೆಯಾದ ಗಂಡಹೆಂಡಿರು ಒಂದೇ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಅಲ್ಲಿನ ನಾಗರಿಕ ಸಂಹಿತೆ ವಿಧಿಸುತ್ತದೆ. ಯಾರದ್ದೆಂಬ ಆಯ್ಕೆ ಅವರಿಗೇ ಬಿಟ್ಟದ್ದು. ಆದರೆ ನೂರಕ್ಕೆ ಸುಮಾರು 95 ಜೋಡಿಗಳು ಗಂಡನ ಹೆಸರನ್ನೇ ಆರಿಸುತ್ತವೆ. ಹೆಣ್ಣುಮಕ್ಕಳೇ ಇರುವ ವತನುಕಿ ಮನೆಯಲ್ಲಿ ಮದುವೆಗಳು ಮುಗಿದರೆ ಹೆಸರೂ ಮುಗಿದಂತೆ. ಹಿಂದೆ ಅಳಿಯನನ್ನೇ ದತ್ತು ತೆಗೆದುಕೊಂಡು ಮನೆತನ ಉಳಿಸುವ ರೂಢಿ ವ್ಯಾಪಕವಾಗಿತ್ತು. ಈಗ ಮಕ್ಕಳೇ ಕಡಿಮೆ. ಈ ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೂ 2021ರಲ್ಲೂ ತೀರ್ಪಿತ್ತಿತು. 2024ರಲ್ಲಿ ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಿರೋಶಿ ಯೊಶಿದ ಅವರು ಒಂದು ಲೆಕ್ಕ ಮುಂದಿಟ್ಟರು. ಇದೇ ನಿಯಮ ಮುಂದುವರಿದರೆ 2531ರ ಹೊತ್ತಿಗೆ ಜಪಾನೀಯರೆಲ್ಲರೂ ಸತೋಗಳಾಗುತ್ತಾರೆ! ಇದು ಕೆಲವು ಊಹೆಗಳ ಮೇಲೆ ನಿಂತ ಲೆಕ್ಕ, ಭವಿಷ್ಯವಾಣಿಯಲ್ಲ. ದಂಪತಿಗೆ ಬೇರೆ ಬೇರೆ ಹೆಸರಿನ ಅವಕಾಶ ಕೊಡಿ ಎನ್ನುವವರ ಪರವಾಗಿ ಮಾಡಿದ ಲೆಕ್ಕವೂ ಹೌದು. ಆದರೆ ಅದು ತೋರಿಸುವ ದಿಕ್ಕು ಸುಳ್ಳಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಜಪಾನಿನ ಕುಟುಂಬ ನೋಂದಣಿ ಪುಸ್ತಕದಲ್ಲಿ ಹೆಸರಿನ ಅಕ್ಷರಗಳಿದ್ದವೇ ಹೊರತು ಅವುಗಳ ಉಚ್ಚಾರ ದಾಖಲಾಗುತ್ತಿರಲಿಲ್ಲ. 2025ರ ಮೇ 26ರಿಂದ ಜಾರಿಗೆ ಬಂದ ತಿದ್ದುಪಡಿ ಉಚ್ಚಾರವನ್ನೂ ಬರೆಯಬೇಕೆಂದು ಹೇಳಿತು. ಸತೋಗಳಿಗೆ ಇದೊಂದು ಸರ್ಕಾರಿ ಔಪಚಾರಿಕತೆ. ವತನುಕಿಗಳಿಗೆ ಹಾಗಲ್ಲ. ಅವರ ಹೆಸರಿನ ಕಥೆಯೆಲ್ಲ ಇರುವುದು ಉಚ್ಚಾರದಲ್ಲಿ. ಅದು ತಪ್ಪಿಹೋದರೆ ಉಳಿಯುವುದು ಬರೀ ಒಂದು ದಿನಾಂಕ. ಇನ್ನು ಮುಂದೆ ಕಾಗದದಲ್ಲಿ ಆ ಭಯವಿಲ್ಲ. ಆ ಹೆಸರಿನಿಂದ ಕರೆದಾಗ ಓಗೊಡುವವರು ಎಷ್ಟು ತಲೆಮಾರು ಇರುತ್ತಾರೆಂಬುದನ್ನು ಮಾತ್ರ ನೋಂದಣಿ ಪುಸ್ತಕ ನಿರ್ಧರಿಸಲಾರದು. ಅದನ್ನು ನಿರ್ಧರಿಸುವುದು ಮದುವೆಯ ಕಾನೂನು ಮತ್ತು ಮನೆಮನೆಯ ತೀರ್ಮಾನ.